ಮೊರದಲ್ಲಿ ಅಕ್ಕಿ, ಕಲ್ಲುಬೆಂಚಿನ ಮೇಲೆ ಅಮ್ಮ

ಗೋಪಾಳ ಬಡಾವಣೆಯ ನಮ್ಮ ಮನೆಯ ಮುಂದಿನ ಹತ್ತಡಿ ಜಾಗವನ್ನು ಅಮ್ಮ ಜಗಳವಾಡಿ ಉಳಿಸಿಕೊಂಡಿದ್ದಳು. ಮನೆಯ ಪ್ಲಾನು ಬರೆಸುವಾಗ ಅಪ್ಪ ಅಲ್ಲಿ ಸ್ಕೂಟರಿಗೆ ಶೆಡ್ಡು ಬೇಕೆಂದರು. ಅಪ್ಪನ ತಾಯಿ, ಅಂದರೆ ನಮ್ಮ ಅಜ್ಜಿ, ದೇವರ ಕೋಣೆ ಮುಂದಕ್ಕೆ ಬರಲಿ ಎಂದಳು. ಅಮ್ಮ ಎರಡಕ್ಕೂ ಒಪ್ಪಲಿಲ್ಲ. ಅಷ್ಟು ಗಟ್ಟಿಯಾಗಿ ಅವಳು ಬೇಡವೆಂದಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಅದಕ್ಕೆ ಕಾರಣ ಭದ್ರಾವತಿಯಲ್ಲಿತ್ತು. ಅಪ್ಪ ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸದಲ್ಲಿದ್ದರು. ನಾನು ಬಿ.ಎ. ಮುಗಿಸುವವರೆಗೂ ನಾವಿದ್ದದ್ದು ಕ್ವಾರ್ಟರ್ಸಿನಲ್ಲಿ. ಸಾಲುಮನೆ, ಬಾಗಿಲು ತೆರೆದರೆ ರಸ್ತೆ. ತರಕಾರಿ ತರುವ ದಾರಿಯಲ್ಲಿ ಆಫೀಸರುಗಳ ಬಂಗಲೆಗಳಿದ್ದವು. ಒಂದು ಬಂಗಲೆಯ ತೋಟದಲ್ಲಿ ಒಬ್ಬ ಹೆಂಗಸು ಬೆತ್ತದ ಕುರ್ಚಿಯಲ್ಲಿ ಕಾಲು ಚಾಚಿ ಕೂತಿರುತ್ತಿದ್ದಳು. ಓದುತ್ತಿರಲಿಲ್ಲ, ಹೆಣೆಯುತ್ತಿರಲಿಲ್ಲ. ಕೂತಿರುತ್ತಿದ್ದಳು, ಅಷ್ಟೆ. ಅಮ್ಮ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸುವ ನೆಪದಲ್ಲಿ ಅಲ್ಲೇ ನಿಲ್ಲುತ್ತಿದ್ದಳು.

"ನಂಗೂ ಅಷ್ಟು ಸಿಕ್ಕಿದ್ರೆ ಸಾಕು ಕಣೆ," ಎಂದು ಒಂದು ಸಲ ಹೇಳಿದಳು.

೧೯೯೯ರ ಯುಗಾದಿ ಕಳೆದು ಗೋಪಾಳಕ್ಕೆ ಬಂದೆವು. ಅಡುಗೆಮನೆಗೆ ಹಾಕಿ ಉಳಿದಿದ್ದ ಕಡಪ ಕಲ್ಲನ್ನು ಅಮ್ಮ ಗಾರೆಯವರ ಹತ್ತಿರ ಹೇಳಿ ಎರಡು ಇಟ್ಟಿಗೆಕಟ್ಟೆಯ ಮೇಲೆ ಕೂರಿಸಿಕೊಂಡಳು. ಅದೇ ಬೆಂಚು. ಸುತ್ತ ದುಂಡುಮಲ್ಲಿಗೆ, ಕನಕಾಂಬರ, ದಾಸವಾಳ, ಕರಿಬೇವು. ಅಜ್ಜಿಯ ಲಿಂಗಪೂಜೆಗೆಂದು ಒಂದು ಬಿಲ್ವದ ಸಸಿ. ಮುಂದಿನ ಬೇಸಿಗೆಯ ಹೊತ್ತಿಗೆ ಮಲ್ಲಿಗೆ ಬೆಂಚಿನ ಎತ್ತರಕ್ಕೆ ಬಂತು. ಒಂದು ಭಾನುವಾರ ಊಟದ ಹೊತ್ತಿನಲ್ಲಿ ಅಮ್ಮ ಎಲ್ಲರಿಗೂ ಕೇಳುವಂತೆ ಹೇಳಿದಳು: "ಐದರಿಂದ ಐದೂವರೆ ತನಕ ನಾನು ಹೊರಗಡೆ ಬೆಂಚಿನ ಮೇಲೆ ಕೂತ್ಕೊತೀನಿ. ಆ ಹೊತ್ತಲ್ಲಿ ಯಾರೂ ಕರೀಬೇಡಿ."

"ಕೂತ್ಕೋ ಮಾರಾಯ್ತಿ, ಯಾರು ಬೇಡ ಅಂದ್ರು?" ಎಂದರು ಅಪ್ಪ.

ಬೇಡ ಎಂದು ಯಾರೂ ಅನ್ನಲಿಲ್ಲ. ಅದೇ ನನ್ನ ಸಿಟ್ಟಿಗೆ ಮೂಲ. ಬೇಡ ಎಂದಿದ್ದರೆ ಎದುರು ಮಾತಾಡಬಹುದಿತ್ತು.

ನಾನಾಗ ಶಂಕರಘಟ್ಟದಲ್ಲಿ ಎಂ.ಎ. ಓದುತ್ತಿದ್ದೆ. ಪರೀಕ್ಷೆಯ ರಜೆಯಾದ್ದರಿಂದ ಸಂಜೆ ಮನೆಯಲ್ಲೇ ಇರುತ್ತಿದ್ದೆ. ಮುಂದಿನ ಕೋಣೆಯ ಕಿಟಕಿಯ ಹತ್ತಿರ ನನ್ನ ಮೇಜು. ಬಸ್ಸು ಎಷ್ಟು ನಿಮಿಷ ತಡವಾಯಿತು, ಯಾವ ಪಾಠ ಎಷ್ಟು ಪುಟ ಮುಗಿಯಿತು ಎಂಬುದನ್ನೆಲ್ಲ ಡೈರಿಯಲ್ಲಿ ಗೀಟೆಳೆದು ಬರೆಯುವುದು ನನ್ನ ಅಭ್ಯಾಸ. ಅಮ್ಮ ಬೆಂಚಿನಿಂದ ಏಳುವುದಕ್ಕೂ ಒಂದೊಂದು ಗೀಟೆಳೆಯತೊಡಗಿದೆ. ಮೊದಲ ದಿನ ನಾಲ್ಕು. ಎರಡನೆಯ ದಿನ ಆರು. ಮೂರನೆಯ ದಿನ ಒಂದೇ ಗೀಟು. ಒಮ್ಮೆ ಎದ್ದು ಹೋದವಳು ವಾಪಸ್ಸು ಬರಲೇ ಇಲ್ಲ.

ಅಪ್ಪ ಒಳಗಿನಿಂದ, "ಏನೇ, ನನ್ನ ಕನ್ನಡಕ ಎಲ್ಲಿಟ್ಟೆ?" ಎನ್ನುತ್ತಿದ್ದರು. ಕನ್ನಡಕ ಟಿವಿಯ ಮೇಲೆ ಇರುತ್ತಿತ್ತು. ಅಜ್ಜಿ ಸಂಜೆಯ ಪೂಜೆಗೆ ಹೂವು ತಾ ಎನ್ನುತ್ತಿದ್ದಳು. ಎಲ್ಲಕ್ಕಿಂತ ಹೆಚ್ಚು ಗೀಟು ಪಕ್ಕದ ಮನೆಯ ಆಂಟಿಯದು. ಮಲ್ಲಿಗೆಯ ಮೊಗ್ಗು ಬಿಡಿಸಬೇಕಾದ್ದು ಸಂಜೆ, ಬಿರಿಯುವ ಮೊದಲು. ತೋಟದಲ್ಲಿ ಬಿಸಿಲು ಇಳಿದು ಕೂರಲು ಹಿತವಾಗುವುದೂ ಅದೇ ಹೊತ್ತು. ಆಂಟಿ ಗೇಟು ತೆರೆದು ಬುಟ್ಟಿ ಹಿಡಿದೇ ಬರುತ್ತಿದ್ದರು.

"ಅಕ್ಕಾ, ಸುಮ್ನೆ ಕೂತಿದೀರಲ್ಲ, ಒಂದು ಮೊಳ ಕಟ್ಟಿಕೊಡ್ರೀ. ನನ್ನ ಕೈಯಲ್ಲಿ ಗಂಟೇ ನಿಲ್ಲಲ್ಲ."

ನಮ್ಮ ಗಿಡ, ನಮ್ಮ ಮೊಗ್ಗು, ನಮ್ಮ ದಾರ. ಕಟ್ಟುವುದು ನಮ್ಮ ಅಮ್ಮ. ಮುಡಿದುಕೊಳ್ಳುವುದು ಅವರು. ನಮ್ಮಲ್ಲಿ ಕೈ ಖಾಲಿ ಇರುವ ಹೆಂಗಸೆಂದರೆ ಖಾಲಿ ಇರುವ ಬಿಂದಿಗೆ. ಕಂಡವರೆಲ್ಲ ಏನಾದರೂ ತುಂಬುತ್ತಾರೆ. ಅಪ್ಪ ಅದೇ ಬೆಂಚಿನ ಮೇಲೆ ಭಾನುವಾರ ಬೆಳಿಗ್ಗೆ ಪೇಪರು ಹಿಡಿದು ಒಂದೂವರೆ ಗಂಟೆ ಕೂರುತ್ತಿದ್ದರು. ಗೇಟಿನವರೆಗೆ ಬಂದವರು, "ಯಜಮಾನ್ರು ಪೇಪರ್ ಓದ್ತಿದಾರೆ, ಆಮೇಲೆ ಬರ್ತೀವಿ" ಎಂದು ದನಿ ತಗ್ಗಿಸಿ ಹೋಗುತ್ತಿದ್ದರು. ಪೇಪರು ಎಷ್ಟೋ ಸಲ ಮುಖದ ಮೇಲೆ ಇರುತ್ತಿತ್ತು, ಅಪ್ಪ ಗೊರಕೆ ಹೊಡೆಯುತ್ತಿದ್ದರು.

ವಾರ ಮುಗಿದ ಮೇಲೆ ರಾತ್ರಿ ಊಟದ ಹೊತ್ತಿಗೆ ಡೈರಿ ತಂದು ಗೀಟುಗಳನ್ನು ಓದಿದೆ. ಯಾರ ಹೆಸರಿಗೆ ಎಷ್ಟು ಎಂದು ಬಿಡಿಸಿ ಹೇಳಿದೆ. ಅವರಿಗೆ ನಾಚಿಕೆಯಾಗುತ್ತದೆ ಎಂದುಕೊಂಡಿದ್ದೆ.

ಅಪ್ಪ ನಕ್ಕರು. "ನಮ್ಮ ಕಾರ್ಖಾನೆ ಟೈಂಕೀಪರ್‌ಗೂ ಇಷ್ಟು ಶ್ರದ್ಧೆ ಇಲ್ಲ ಕಣೆ! ಇನ್ನೊಂದು ವಾರ ಹೋದ್ರೆ ನಿಮ್ಮಮ್ಮ ತ್ಯಾವರೆಕೊಪ್ಪ ಸಫಾರಿಯ ಸಿಂಹ ಆಗ್ತಾಳೆ. ನೆರಳಲ್ಲಿ ಮಲಗೋದು, ನಾವು ಗಾಡೀಲಿ ಹೋಗಿ ನೋಡ್ಕೊಂಡು ಬರೋದು."

"ಸಿಂಹದ ಹತ್ರ ಯಾರೂ ಕನ್ನಡಕ ಕೇಳಲ್ಲ ಅಪ್ಪ," ಎಂದೆ.

"ನಾವು ಕೂತು ಬೆಳೆದೋರಲ್ಲಮ್ಮ," ಎಂದಳು ಅಜ್ಜಿ. "ನಮ್ಮತ್ತೆ ಎದುರಿಗೆ ನಾನು ಗೋಡೆಗೂ ಒರಗಿರಲಿಲ್ಲ."

ಅಮ್ಮ ಎಲ್ಲರಿಗೂ ಮಜ್ಜಿಗೆ ಬಡಿಸಿದಳು. ನನಗೆ ಅವಳ ಮೇಲೂ ಸಿಟ್ಟು ಬಂತು.

ಮರುದಿನದಿಂದ ಅಮ್ಮ ಬೆಂಚಿಗೆ ಹೋಗುವಾಗ ಮೊರದಲ್ಲಿ ಅಕ್ಕಿ ತೆಗೆದುಕೊಂಡು ಹೋಗತೊಡಗಿದಳು. ಮೊರ ತೊಡೆಯ ಮೇಲೆ, ಬೆರಳು ಅಕ್ಕಿಯಲ್ಲಿ. ಗೀಟುಗಳು ಇದ್ದಕ್ಕಿದ್ದಂತೆ ಕಡಿಮೆಯಾದವು. ಆಂಟಿ ಗೇಟಿನಲ್ಲೇ, "ಓ, ಅಕ್ಕಿ ಆರಿಸ್ತಿದೀರಾ, ಆಗ್ಲಿ ಆಗ್ಲಿ" ಎಂದು ತಾವೇ ಮೊಗ್ಗು ಬಿಡಿಸಿಕೊಂಡು ಹೋದರು. ಅಪ್ಪನಿಗೆ ಕನ್ನಡಕ ತಾನಾಗಿ ಸಿಕ್ಕಿತು. ಆದರೇನು? ಅರ್ಧ ಗಂಟೆ ಕೂರುತ್ತೇನೆಂದವಳ ತೊಡೆಗೆ ಮತ್ತೊಂದು ಕೆಲಸ ಬಂದು ಕೂತಿತ್ತು.

ನಾಲ್ಕನೆಯ ದಿನವೋ ಐದನೆಯ ದಿನವೋ ನಾನು ಹೊರಗೆ ಹೋಗಿ ಅವಳ ಪಕ್ಕ ಕೂತೆ. ಬೇಗ ಮುಗಿಯಲಿ ಎಂದು ಮೊರಕ್ಕೆ ನಾನೂ ಕೈ ಹಾಕಿದೆ. ಕಲ್ಲಿಲ್ಲ, ಭತ್ತವಿಲ್ಲ, ನುಚ್ಚೂ ಇಲ್ಲ. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸರಿಸಿದೆ. ಏನೂ ಇಲ್ಲ.

"ಅಮ್ಮ, ಇದು ಆರಿಸಿರೋ ಅಕ್ಕಿ."

"ಹೂಂ."

"ನಿನ್ನೆದು?"

"ನಿನ್ನೆದೂ ಇದೇ. ಡಬ್ಬಿಯಿಂದ ತರ್ತೀನಿ, ಡಬ್ಬಿಗೆ ಹಾಕ್ತೀನಿ."

ಅವಳ ಕಣ್ಣು ಮೊರದ ಮೇಲಿರಲಿಲ್ಲ. ಬಿಲ್ವದ ಸಸಿಯ ಮೇಲೆ ಕೂತಿದ್ದ ಒಂದು ಪುಟ್ಟ ಹಕ್ಕಿಯ ಮೇಲಿತ್ತು. ಬೆರಳು ಮಾತ್ರ ತಾನಾಗಿ ಆಡುತ್ತಿತ್ತು.

ನನಗೆ ಬಂದ ಕೋಪವನ್ನು ಇವತ್ತು ಬರೆಯುವಾಗಲೂ ಸಣ್ಣದು ಮಾಡಲಾರೆ. ಜಗಳವಾಡಿ ಉಳಿಸಿಕೊಂಡ ಜಾಗ, ತಾನೇ ನೆಟ್ಟ ಗಿಡ, ತಾನೇ ಕಟ್ಟಿಸಿಕೊಂಡ ಬೆಂಚು. ಅಲ್ಲಿ ಕೂರಲು ಅವಳು ಕಳ್ಳಿಯ ಹಾಗೆ ಮೊರದ ಹಿಂದೆ ಅಡಗಬೇಕಿತ್ತು. ನಾನು ಮೊರ ಕಿತ್ತುಕೊಂಡೆ. "ಸುಮ್ನೆ ಕೂತ್ಕೋ. ಯಾರು ಏನಂತಾರೆ ನೋಡೋಣ."

"ಕೊಡೆ ಇಲ್ಲಿ." ಅಮ್ಮ ದನಿ ಏರಿಸಲಿಲ್ಲ, ಆದರೆ ಕಣ್ಣು ಕೆಂಪಾಗಿತ್ತು. "ನೀನು ಡೈರಿ ಓದ್ದೆ, ಏನಾಯ್ತು? ನಕ್ಕರು. ಮೊರ ಹಿಡ್ಕೊಂಡೆ, ನಾಲ್ಕು ದಿನ ಕೂತೆ. ನಿನ್ನ ಸಿಟ್ಟು ನೀನಿಟ್ಕೋ, ನಂಗೆ ನನ್ನ ಅರ್ಧ ಗಂಟೆ ಕೊಡು."

ಕೊಟ್ಟೆ. ಬೇರೆ ದಾರಿ ಇರಲಿಲ್ಲ. ಆದರೆ ಎದ್ದು ಒಳಗೆ ಹೋಗಲಿಲ್ಲ. ಕೈಕಟ್ಟಿಕೊಂಡು ಅಲ್ಲೇ ಕೂತೆ.

ಆಂಟಿ ಬುಟ್ಟಿ ಹಿಡಿದು ಬಂದರು. ಅಮ್ಮನ ತೊಡೆಯ ಮೇಲಿನ ಮೊರ ನೋಡಿದರು. ಆಮೇಲೆ ನನ್ನ ಖಾಲಿ ಕೈ ನೋಡಿದರು.

"ಪಾಪ ಅಮ್ಮ ಕೆಲಸದಲ್ಲಿದಾರೆ. ನೀನು ಸುಮ್ನೆ ಕೂತಿದೀಯಲ್ಲೇ, ಬಾ, ಒಂದು ಮೊಳ ಕಟ್ಟಿಕೊಡು."

"ಬರಲ್ಲ ಆಂಟಿ. ಸುಮ್ನೆ ಕೂರೋದೇ ನನ್ನ ಕೆಲಸ ಈಗ."

"ಅಬ್ಬಾ! ಎಂ.ಎ. ಓದಿಸಿದ್ದಕ್ಕೆ ಬಂತು ನೋಡಿ ಅಕ್ಕಾ ಬಾಯಿ," ಎಂದವರು ಮೊಗ್ಗು ಮುಟ್ಟದೆ, ಗೇಟನ್ನೂ ಹಾಕದೆ ಹೋದರು.

ಆ ಗೇಟು ಹಾಕಲು ಯಾರಾದರೂ ಏಳಬೇಕಿತ್ತು. ಅಮ್ಮ ನನ್ನ ಮುಖ ನೋಡಿದಳು. ನಾನು ಏಳಲಿಲ್ಲ. ಅವಳೂ ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಬೀದಿಯ ಕಂದು ಹಸು ಒಳಗೆ ಬಂತು, ದಾಸವಾಳದ ಒಂದು ಕೊಂಬೆ ಎಳೆದು ತಿಂದಿತು.

ಕಿಟಕಿಯಿಂದ ಅಜ್ಜಿ ಕೂಗಿದಳು: "ಹಸು ನುಗ್ತು! ಯಾರೂ ಇಲ್ವೇನ್ರೇ ಅಲ್ಲಿ?"

"ಇದೀವಿ ಅತ್ತೆ," ಎಂದಳು ಅಮ್ಮ. ಕೂತೇ ಹೇಳಿದಳು.

ಹಸು ಬೆಂಚಿನ ಹತ್ತಿರ ಬಂದು ಮೊರಕ್ಕೆ ಮೂತಿ ಚಾಚಿತು. ಅಮ್ಮ ಮೊರವನ್ನು ಎದೆಗೆ ಎಳೆದುಕೊಳ್ಳುತ್ತಾಳೆ ಎಂದುಕೊಂಡೆ. ಅವಳು ಒಂದು ಗಳಿಗೆ ಯೋಚಿಸಿದಳು. ಆಮೇಲೆ ಮೊರವನ್ನು ನೆಲಕ್ಕಿಟ್ಟು, ಪಾದದಿಂದ ಹಸುವಿನ ಕಡೆ ಮೆಲ್ಲಗೆ ಸರಿಸಿ, ಕಾಲು ಚಾಚಿದಳು. ಖಾಲಿ ಕೈಗಳು ಕಲ್ಲಿನ ಮೇಲೆ ಇದ್ದವು.

"ಅಯ್ಯೋ ಶಿವನೇ, ಅಕ್ಕಿ!" ಎಂದು ಅಜ್ಜಿ ಒಳಗಿನಿಂದ ಅಪ್ಪನನ್ನು ಎಬ್ಬಿಸಿದಳು. ಅಪ್ಪ ಬನೀನಿನಲ್ಲೇ, ಒಂದು ಕೋಲು ಹಿಡಿದು ಓಡಿಬಂದರು. ಅಕ್ಕಿ ತಿನ್ನುತ್ತಿದ್ದ ಹಸುವನ್ನು ನೋಡಿದರು, ಅಲ್ಲಾಡದೆ ಕೂತಿದ್ದ ನಮ್ಮಿಬ್ಬರನ್ನು ನೋಡಿದರು.

"ಏನೇ ಇದು? ಕಣ್ಣೆದುರಿಗೇ ತಿಂತಾ ಇದೆ, ಸುಮ್ನೆ ಕೂತಿದೀಯಲ್ಲ!"

ಅಮ್ಮ ನನ್ನ ಕಡೆ ತಿರುಗಿದಳು. "ಟೈಮ್ ಎಷ್ಟಾಯ್ತೆ?"

ನಾನು ವಾಚು ನೋಡಿದೆ. "ಐದು ಇಪ್ಪತ್ನಾಲ್ಕು."

"ಇನ್ನೂ ಆರು ನಿಮಿಷ ಇದೆ," ಎಂದಳು ಅಮ್ಮ ಅಪ್ಪನಿಗೆ. "ಸುಮ್ನೆ ಕೂತಿದೀನಿ."

ಅಪ್ಪ ಹಸುವನ್ನು ಹೊರಗೆ ಓಡಿಸಿದರು. ಗೇಟನ್ನೂ ಅವರೇ ಹಾಕಿದರು.