ಬಾಸ್ಟನ್ ಸೋತ ದಿನ ನೋರಮ್ಮ ಕೇಳಿದ ಪದ

ನ್ಯೂಯಾರ್ಕಿನ ಫ್ಲಶಿಂಗ್‌ನ ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ಸಿಕ್ಕಿತೆಂದರೆ ಅಮ್ಮ ಅದನ್ನು ಊರಿಗೆ ಕಾಗದದಲ್ಲಿ ಬರೆಯುತ್ತಿದ್ದ ಕಾಲ ಅದು. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಗಣೇಶನ ಗುಡಿ ಆಗಿನ್ನೂ ಹೊಸದು. ನಮ್ಮ ಆರು ಮಹಡಿಯ ಇಟ್ಟಿಗೆ ಕಟ್ಟಡದಲ್ಲಿ ಕನ್ನಡದವರು ನಾವೊಬ್ಬರೇ. ನ್ಯೂಯಾರ್ಕ್ ನಗರದ ಬೊಕ್ಕಸ ಬರಿದಾಗಿತ್ತು. ನಮ್ಮ ಶಾಲೆಯಲ್ಲಿ ಮೊದಲು ಸಂಗೀತದ ಟೀಚರ್ ಹೋದರು, ಆಮೇಲೆ ಚಿತ್ರಕಲೆಯ ಟೀಚರ್ ಹೋದರು. ಲೈಬ್ರರಿಗೆ ಹೋದರೆ ಬೀಗ. ಬೇಸಿಗೆಯಲ್ಲಿ ಎತ್ತದೆ ಬಿಟ್ಟ ಕಸದ ಚೀಲಗಳಿಂದ ಕೊಳೆತ ಕಲ್ಲಂಗಡಿಯ ವಾಸನೆ ನಮ್ಮ ಮೂರನೇ ಮಹಡಿಯವರೆಗೂ ಹತ್ತಿ ಬರುತ್ತಿತ್ತು. ಅಮ್ಮ ಕಲಿತ ಮೊದಲ ಕೆಲವು ಇಂಗ್ಲಿಷ್ ಮಾತುಗಳಲ್ಲಿ 'ಲೇ ಆಫ್' ಒಂದು.

ಮನೆಯೊಳಗೆ ಮಾತ್ರ ಎಲ್ಲವೂ ಅಪ್ಪನ ವೇಳಾಪಟ್ಟಿಯಂತೆ. ಶಾಲೆಯಿಂದ ಬಂದರೆ ಕೈಕಾಲು ತೊಳೆಯುವುದು, ಹಾಲು, ಒಂದು ಪುಟ ಕನ್ನಡ ಕಾಪಿ, ಆಮೇಲೆ ಹೋಮ್‌ವರ್ಕ್, ಅದಾದ ಮೇಲೆ ಆಟ. ಭಾನುವಾರ ಅಪ್ಪ ಸ್ವತಃ ಕೂತು ವಿರುದ್ಧ ಪದಗಳನ್ನು ಒಪ್ಪಿಸಿಕೊಳ್ಳುತ್ತಿದ್ದರು. "ಹಗಲು?" "ಇರುಳು." "ಪುಣ್ಯ?" "ಪಾಪ." ಉತ್ತರ ಒಂದೇ ಪದದಲ್ಲಿ ಬರಬೇಕು, ಕೂಡಲೇ ಬರಬೇಕು. ತಡವರಿಸಿದರೆ ಆ ಪದವನ್ನು ಪುಟ ತುಂಬ ಬರೆಯಬೇಕು. ಈ ವಯಸ್ಸಿನಲ್ಲೂ ಹಾಲಿನ ಲೋಟ ತೊಳೆದಿಡದೆ ನಾನು ಕುರ್ಚಿಯಲ್ಲಿ ಕೂರಲಾರೆ. ಇದನ್ನು ಕನ್ನಡದಲ್ಲಿ ಬರೆಯಲು ಆಗುತ್ತಿರುವುದೂ ಆ ಶಿಸ್ತಿನಿಂದಲೇ. ಅದಕ್ಕೆ ಅಪ್ಪನಿಗೆ ಋಣಿ.

ಎದುರು ಬಾಗಿಲಿನಲ್ಲಿ ಮಿಸೆಸ್ ನೋರಾ ಡಾಯ್ಲ್ ಇದ್ದರು. ಬಾಸ್ಟನ್‌ನಲ್ಲಿ ಹುಟ್ಟಿ ಬೆಳೆದ ಐರಿಷ್ ಮನೆತನದವರು. ಗಂಡ ಇಲ್ಲ, ದಿನಾ ಬೆಳಿಗ್ಗೆ ಚರ್ಚಿಗೆ ಹೋಗುವವರು. ಅಮ್ಮನ ಬಾಯಲ್ಲಿ ಅವರು ನೋರಮ್ಮ. ಅವರ ಬಾಯಲ್ಲಿ ಅಮ್ಮನ ಸರೋಜ ಸಾರಾ ಆಯಿತು, ನನ್ನ ವಸುಧಾ ಸೂ ಆಯಿತು. "ಇರಲಿ ಬಿಡು, ಕರೆಯೋ ಪ್ರೀತಿ ಮುಖ್ಯ," ಎಂದಳು ಅಮ್ಮ.

ಅವರಿಬ್ಬರ ಗೆಳೆತನ ಕಡಲೆಕಾಯಿಯಿಂದ ಶುರುವಾದದ್ದು. ನೋರಮ್ಮ ಟಿವಿಯಲ್ಲಿ ಬೇಸ್‌ಬಾಲ್ ನೋಡುತ್ತಾ ಹುರಿದ ಕಡಲೆಕಾಯಿ ಬಿಡಿಸಿ ತಿನ್ನುತ್ತಿದ್ದರು. ಅಮ್ಮ ಎಲ್ಲಿಂದಲೋ ಹಸಿ ಕಡಲೆಕಾಯಿ ತಂದು ಉಪ್ಪು ಹಾಕಿ ಬೇಯಿಸಿ ಸ್ಟೀಲ್ ಡಬ್ಬಿಯಲ್ಲಿ ಕೊಟ್ಟಳು. ಡಬ್ಬಿ ಮರುದಿನ ನೋರಮ್ಮ ಮಾಡಿದ ಬ್ರೆಡ್ ತುಂಬಿಕೊಂಡು ವಾಪಸ್ ಬಂತು. ಒಳಗೆ ಒಣದ್ರಾಕ್ಷಿ, ಜೀರಿಗೆಯಂಥದೇ ಒಂದು ಕಾಳು. "ನೋಡೇ, ಜೀರಿಗೆ ಹಾಕಿದಾರೆ. ನಮ್ಮವರೇ ಇರ್ಬೇಕು!" ಎಂದು ಅಮ್ಮ ನಕ್ಕಳು. ಅಂದಿನಿಂದ ಆ ಡಬ್ಬಿ ಎರಡು ಬಾಗಿಲ ನಡುವೆ ಖಾಲಿ ಓಡಾಡಲಿಲ್ಲ.

ಅಮ್ಮನಿಗೆ ಇಂಗ್ಲಿಷ್ ಬಾರದು, ನೋರಮ್ಮನಿಗೆ ಕನ್ನಡ ಬಾರದು. ಆದರೂ ಇಬ್ಬರೂ ನೋರಮ್ಮನ ಅಡುಗೆಮನೆಯಲ್ಲಿ ಕೂತು ಗಂಟೆಗಟ್ಟಲೆ ಮಾತಾಡುತ್ತಿದ್ದರು. ಅವರು ಇಂಗ್ಲಿಷಿನಲ್ಲಿ, ಇವಳು ಕನ್ನಡದಲ್ಲಿ. ತೀರಾ ಸಿಕ್ಕಿಕೊಂಡಾಗ ಮಾತ್ರ ನನ್ನನ್ನು ಕರೆಯುವರು.

ಬೇಸ್‌ಬಾಲನ್ನು ಅಮ್ಮ ತನ್ನದೇ ರೀತಿಯಲ್ಲಿ ಅರ್ಥ ಮಾಡಿಕೊಂಡಿದ್ದಳು. ಚೆಂಡು ಹೊಡೆದವನು ಮನೆ ಬಿಟ್ಟು ಓಡಬೇಕು, ಮೂರು ಕಟ್ಟೆ ಮುಟ್ಟಿ ಮನೆಗೇ ವಾಪಸ್ ಬರಬೇಕು. ಬರಲಾಗದೆ ದಾರಿಯಲ್ಲೇ ಔಟಾದವನನ್ನು ಕಂಡು "ಅಯ್ಯೋ, ಮನೆ ಸೇರಲಿಲ್ವಲ್ಲೇ, ಪಾಪ," ಎನ್ನುವಳು. ಅಮ್ಮ ಎಲ್ಲಕ್ಕೂ ಪಾಪ ಎನ್ನುತ್ತಿದ್ದಳು. ಕೆಲಸ ಕಳೆದುಕೊಂಡ ಟೀಚರಿಗೆ ಪಾಪ, ಕಿಟಕಿಯ ಪಾರಿವಾಳಕ್ಕೆ ಪಾಪ, ಕೆಟ್ಟು ನಿಂತ ಲಿಫ್ಟಿಗೂ ಒಮ್ಮೆ ಪಾಪ.

ಒಂದು ದಿನ ನೋರಮ್ಮ ಗೋಡೆಯಿಂದ ಮಗನ ಫೋಟೋ ತೆಗೆದು ಅಮ್ಮನ ಮಡಿಲಲ್ಲಿಟ್ಟು ಏನೇನೋ ಹೇಳಿ ಅತ್ತರು. ಅಮ್ಮ ನನ್ನ ಕಡೆ ನೋಡಿದಳು.

"ಅವರ ಮಗ ಫೈರ್‌ಮನ್ ಆಗಿದ್ನಂತಮ್ಮ. ಸಿಟಿಯವರು ಲೇ ಆಫ್ ಮಾಡಿದ್ರಂತೆ. ಹೆಂಡ್ತೀನ ಕರ್ಕೊಂಡು ಇಲ್ಲೇ ಬಂದಿರ್ತೀನಿ ಅಂದ್ನಂತೆ, ಇವರು ಬೇಡ ಅಂದ್ಬಿಟ್ರಂತೆ."

"ಯಾಕಂತೆ?"

"ಆ ಹೆಂಡ್ತಿಗೆ ಮುಂಚೆ ಒಂದು ಮದುವೆ ಆಗಿ ಡಿವೋರ್ಸ್ ಆಗಿತ್ತಂತೆ. ಇವರ ಚರ್ಚಲ್ಲಿ ಅದು ಆಗಲ್ವಂತೆ. ಅವನು ಸಿಟ್ಟು ಮಾಡ್ಕೊಂಡು ಟೆಕ್ಸಸ್‌ಗೆ ಹೊರಟೋದ್ನಂತೆ."

ಅಮ್ಮ ನೋರಮ್ಮನ ಕೈಯನ್ನು ತನ್ನೆರಡು ಕೈಯೊಳಗೆ ಹಿಡಿದು, "ಪಾಪ," ಎಂದಳು. ಇನ್ನೊಮ್ಮೆ, ಮೆಲ್ಲಗೆ, "ಪಾಪ." ನೋರಮ್ಮ ತಲೆ ಆಡಿಸಿದರು, ಕಣ್ಣೊರೆಸಿಕೊಂಡರು.

ಆ ವರ್ಷ ನಮ್ಮ ಓಣಿಯಲ್ಲೆಲ್ಲ ಬೇಸ್‌ಬಾಲ್ ಜ್ವರ. ಫ್ಲಶಿಂಗ್‌ನಲ್ಲೇ ಒಂದು ತಂಡದ ಮೈದಾನವಿತ್ತು. ಆದರೆ ಆ ತಂಡ ಸೋತು ಸುಣ್ಣವಾಗಿತ್ತು. ಹಾಗಾಗಿ ನಾವು ಮಕ್ಕಳು ನಿಷ್ಠೆ ಬದಲಿಸಿ ನಗರದ ಇನ್ನೊಂದು ಭಾಗವಾದ ಬ್ರಾಂಕ್ಸ್‌ನ ತಂಡವನ್ನು ನಮ್ಮದೆಂದುಕೊಂಡಿದ್ದೆವು. ಅದಕ್ಕೂ ಬಾಸ್ಟನ್ನಿಗೂ ಹಾವು ಮುಂಗುಸಿ. ಬೇಸಿಗೆಯಲ್ಲಿ ಬಾಸ್ಟನ್ ಎಷ್ಟು ಮುಂದಿತ್ತೆಂದರೆ ನೋರಮ್ಮ ಮೆಟ್ಟಿಲಲ್ಲಿ ಸಿಕ್ಕ ಹುಡುಗರನ್ನೆಲ್ಲ ರೇಗಿಸುತ್ತಿದ್ದರು. "ಏನ್ರೋ ಹುಡುಗರಾ, ನಿಮ್ಮವರು ಇನ್ನೂ ಆಡ್ತಿದಾರಾ, ಮನೇಗೆ ಹೋದ್ರಾ?" ಎಂಬ ಧಾಟಿ. ಅಕ್ಟೋಬರ್ ಹೊತ್ತಿಗೆ ನಮ್ಮವರು ಹಿಂದಿನಿಂದ ಬಂದು ಸಮ ಮಾಡಿದರು. ಒಂದೇ ಒಂದು ಆಟದಲ್ಲಿ ತೀರ್ಮಾನ, ಅದೂ ಬಾಸ್ಟನ್ನಿನಲ್ಲಿ, ಹಾಡುಹಗಲಲ್ಲಿ.

ನಾನು ಶಾಲೆಯಿಂದ ಓಡಿ ಬಂದಾಗ ಅಮ್ಮ ಆಗಲೇ ನೋರಮ್ಮನ ಮನೆಯಲ್ಲಿದ್ದಳು. "ಕಾಪಿ ಆಮೇಲೆ ಬರಿ. ಅಪ್ಪನ ಹತ್ರ ಬಾಯಿ ಬಿಡಬೇಡ," ಎಂದು ನನಗೂ ಒಂದು ಹಿಡಿ ಕಡಲೆಕಾಯಿ ಕೊಟ್ಟಳು. ಬಾಸ್ಟನ್ ಮುಂದಿತ್ತು. ನೋರಮ್ಮ ಒಂದು ಕೈಯಲ್ಲಿ ಜಪಸರ ಹಿಡಿದು ಇನ್ನೊಂದು ಕೈಯಲ್ಲಿ ಟಿವಿ ಪರದೆಗೆ ಗಾಳಿಯಲ್ಲೇ ಮುತ್ತು ಎಸೆಯುತ್ತಿದ್ದರು. ನಾನು ಅವರ ಕಡಲೆಕಾಯಿ ತಿನ್ನುತ್ತಾ, ಅವರ ಸೋಫಾದಲ್ಲಿ ಕೂತು, ಅವರ ತಂಡ ಸೋಲಲಿ ಎಂದು ಮನಸ್ಸಿನಲ್ಲೇ ಬೇಡುತ್ತಿದ್ದೆ.

ಆಮೇಲೆ ನಮ್ಮ ಕಡೆಯ ಒಬ್ಬ ಸಣಕಲ ಆಟಗಾರ, ಯಾರೂ ಲೆಕ್ಕಕ್ಕೇ ಇಡದವನು, ಚೆಂಡನ್ನು ಎತ್ತಿ ಹೊಡೆದ. ಅದು ಗೋಡೆ ದಾಟಿತು. ನಮ್ಮ ಕಟ್ಟಡ ಒಮ್ಮೆಗೇ ಕೂಗಿತು. ಮೇಲಿನ ಮನೆಯಲ್ಲಿ ಯಾರೋ ಕುಣಿದು ನೋರಮ್ಮನ ದೀಪದ ಬುರುಡೆ ಅಲುಗಾಡಿತು. ಕೊನೆಗೆ ಬಾಸ್ಟನ್ನಿನ ಕೊನೆಯ ಆಟಗಾರ ಹೊಡೆದ ಚೆಂಡು ನೆಟ್ಟಗೆ ಮೇಲೆ ಹೋಗಿ ನಮ್ಮವನ ಕೈಗೆ ಬಿದ್ದಾಗ, ಮೆಟ್ಟಿಲ ತುಂಬ ಹುಡುಗರ ಕಾಲಿನ ಸದ್ದು. ಕೆಳಗೆ ಕಾರುಗಳ ಹಾರ್ನ್. "ಸೂ! ಕಮ್ ಆನ್!" ಎಂದು ಯಾರೋ ಬಾಗಿಲು ಬಡಿದು ಓಡಿದರು.

ನಾನು ಬಾಗಿಲಲ್ಲಿ ಕೂತು ಒಂದು ಬೂಟು ಹಾಕಿಕೊಂಡು ಇನ್ನೊಂದನ್ನು ಹುಡುಕುತ್ತಿದ್ದೆ. ಹಿಂದೆ ಅಮ್ಮ ನೋರಮ್ಮನ ಬೆನ್ನು ಸವರುತ್ತಾ, "ಪಾಪ... ಪಾಪ ನೋರಮ್ಮ..." ಎನ್ನುತ್ತಿದ್ದಳು. ನೋರಮ್ಮ ಅಳುತ್ತಲೇ ನಕ್ಕು ನನ್ನ ಕಡೆ ತಿರುಗಿದರು.

ನಿಮ್ಮಮ್ಮ ಯಾವಾಗಲೂ ನನಗೆ ಈ ಪದ ಹೇಳುತ್ತಾಳೆ, ಎಂದರು. ಪಾಪ, ಪಾಪ ಅಂತ. ಮೇಲಿರುವ ತಂದೆಯನ್ನು, ದೇವರನ್ನು ಕರೆಯುತ್ತಾಳೆ ಅಂದುಕೊಂಡಿದ್ದೆ. ಹೌದಾ ಸೂ? "ವಾಟ್ ಡಸ್ ಇಟ್ ಮೀನ್?"

"ಸಿನ್," ಎಂದೆ.

ಇನ್ನೊಂದು ಬೂಟು ಸಿಕ್ಕಿತು. ನಾನು ಓಡಿದೆ.

ಅಮ್ಮ ಹೇಳುವ ಪಾಪ ಬೇರೆ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಹುಟ್ಟಿದಾಗಿನಿಂದ ಕೇಳಿದ್ದೆ. ಆದರೆ ಅದನ್ನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಲು ಒಂದು ನಿಮಿಷ ನಿಲ್ಲಬೇಕಿತ್ತು, ಕೆಳಗೆ ಎಲ್ಲರೂ ಕುಣಿಯುತ್ತಿದ್ದರು. ಭಾನುವಾರದ ಉತ್ತರ ನಾಲಿಗೆಯ ತುದಿಯಲ್ಲಿತ್ತು, ಒಂದೇ ಪದ, ಕೂಡಲೇ.

ಬೀದಿಯಲ್ಲಿ ಆ ಸಂಜೆ ನಾನು ಕಂಡಷ್ಟು ಸಂತೋಷವನ್ನು ಮತ್ತೆ ಕಂಡಿಲ್ಲ. ಕಸದ ಡಬ್ಬಿಯ ಮುಚ್ಚಳಗಳೇ ತಾಳ. ಕಿಟಕಿಗಳಿಂದ ಹರಿದ ಪೇಪರ್ ಚೂರು ಸುರಿಯುತ್ತಿತ್ತು. ಮೂಲೆಯ ಪಿಜ್ಜಾ ಅಂಗಡಿಯವನು ಎಂದೂ ನಗದವನು, ಅಂದು ಮಕ್ಕಳಿಗೆಲ್ಲ ಬಿಸಿ ತುಂಡು ಹಂಚಿದ. ಕೆಲಸ ಹೋಗಿ ತಿಂಗಳುಗಟ್ಟಲೆ ಮೆಟ್ಟಿಲ ಮೇಲೆ ಸುಮ್ಮನೆ ಕೂರುತ್ತಿದ್ದ ಗಂಡಸರು ಒಬ್ಬರನ್ನೊಬ್ಬರು ಎತ್ತಿಕೊಂಡು ತಿರುಗಿಸಿದರು. ನಾನು ನೋರಮ್ಮನ ಕಿಟಕಿಯ ಕೆಳಗೇ ನಿಂತು, ಗಂಟಲು ಕಟ್ಟುವವರೆಗೆ, ಬಾಸ್ಟನ್ನನ್ನು ಹಂಗಿಸಿ ಕೂಗಿದೆ.

ಮನೆಗೆ ಬಂದಾಗ ಅಮ್ಮ ನಮ್ಮ ಅಡುಗೆಮನೆಯಲ್ಲಿ ಕೂತಿದ್ದಳು. "ನೋರಮ್ಮ ತಲೆನೋವು ಅನ್ನೋ ಹಾಗೆ ಕೈ ಮಾಡಿ ಬಾಗಿಲು ಹಾಕ್ಕೊಂಡ್ರು ಕಣೇ," ಎಂದಳು.

ಆ ತಲೆನೋವು ಹೋಗಲಿಲ್ಲ. ಮೆಟ್ಟಿಲಲ್ಲಿ ಸಿಕ್ಕರೆ ನೋರಮ್ಮ ವಿನಯದಿಂದ ತಲೆಬಾಗುತ್ತಿದ್ದರು, ನಿಲ್ಲುತ್ತಿರಲಿಲ್ಲ. ಸ್ಟೀಲ್ ಡಬ್ಬಿ ಒಂದು ದಿನ ನಮ್ಮ ಬಾಗಿಲ ಮುಂದೆ ಇತ್ತು. ತೊಳೆದು ಒರೆಸಿ ಇಟ್ಟಿದ್ದರು. ಒಳಗೆ ಏನೂ ಇರಲಿಲ್ಲ. ಅಮ್ಮ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿ, "ನಾನೇನಾದ್ರೂ ತಪ್ಪು ಮಾಡಿದ್ನೇನೇ ವಸು?" ಎಂದು ಕೇಳಿದಳು. "ನಂಗೊತ್ತಿಲ್ಲ," ಎಂದೆ. ನಿಜಕ್ಕೂ ಆಗ ಹೊಳೆದಿರಲಿಲ್ಲ.

ಹೊಳೆದದ್ದು ನನಗೆ ಜ್ವರ ಬಂದಾಗ. ಅಮ್ಮ ಹಣೆಗೆ ಒದ್ದೆ ಬಟ್ಟೆ ಹಾಕಿ, "ಪಾಪ ನನ್ನ ಕಂದ," ಎಂದಳು. ನಾನು ಮಲಗಿದ್ದಲ್ಲೇ ಬೆಚ್ಚಿದೆ. ನೋರಮ್ಮ ಮಗನ ಫೋಟೋ ಹಿಡಿದು ಅತ್ತ ದಿನವೂ ಅಮ್ಮ ಇದೇ ಪದವನ್ನು, ಅವರ ಕೈ ಹಿಡಿದು, ಎರಡು ಸಲ ಹೇಳಿದ್ದಳು. ನಾನು ಕೊಟ್ಟ ಅರ್ಥವನ್ನು ತೆಗೆದುಕೊಂಡು ನೋರಮ್ಮ ಆ ದಿನಕ್ಕೂ ಹಿಂದಿರುಗಿ ಹೋಗಿರಬೇಕು. ಪ್ರತಿಯೊಂದು ಪಾಪಕ್ಕೂ.

ಜ್ವರ ಬಿಟ್ಟ ಕೂಡಲೇ ಎದುರು ಬಾಗಿಲು ತಟ್ಟಿದೆ. ಅವರು ಅರ್ಧ ತೆರೆದರು. ಒಳಗಿನಿಂದ ಬೇಯಿಸಿದ ಎಲೆಕೋಸಿನ ವಾಸನೆ ಬಂತು. ನಾನು ಉಸಿರುಬಿಡದೆ ಹೇಳಿದೆ. ಅದು ಸಿನ್ ಅಲ್ಲ, ನಮ್ಮಲ್ಲಿ ಅದೇ ಪದಕ್ಕೆ ಇನ್ನೊಂದು ಅರ್ಥ ಇದೆ, ಯಾರಿಗಾದರೂ ಕಷ್ಟ ಬಂದರೆ ಅಯ್ಯೋ ಅನ್ನಿಸುತ್ತದಲ್ಲ, ಅದು.

ನೋರಮ್ಮ ಪೂರ್ತಿ ಕೇಳಿಸಿಕೊಂಡರು. "ಅಮ್ಮ ಹೇಳಿ ಕಳಿಸಿದಳಾ?" ಎಂದರು.

"ಇಲ್ಲ. ಅಮ್ಮಂಗೆ ಗೊತ್ತೇ ಇಲ್ಲ."

"ಯು ಆರ್ ಎ ಕೈಂಡ್ ಗರ್ಲ್, ಸೂ," ಎಂದು ನನ್ನ ತಲೆ ಸವರಿದರು. "ನಿಮ್ಮಮ್ಮ ಹೇಳಿದ್ದು ಸರಿಯಾಗೇ ಇದೆ."

ಬಾಗಿಲು ಮೆಲ್ಲಗೆ ಮುಚ್ಚಿತು.

ಮುಂದಿನ ವರ್ಷ ಹೂ ಬಿಡುವ ಕಾಲಕ್ಕೆ ನೋರಮ್ಮ ಮನೆ ಖಾಲಿ ಮಾಡಿ ಟೆಕ್ಸಸ್‌ಗೆ, ಮಗ ಸೊಸೆಯ ಬಳಿಗೆ ಹೊರಟರು. ಈ ಕಥೆಯನ್ನು ನನ್ನ ಗಂಡನಿಗೆ ಹೇಳಿದಾಗ, "ನೋಡು, ನಿನ್ನ ತಪ್ಪಿನಿಂದ ಅವರ ಸಂಸಾರ ಒಂದಾಯ್ತಲ್ಲ," ಎಂದರು. ಇರಬಹುದು. ಆ ಸಮಾಧಾನ ನನಗೆ ಒಗ್ಗಿಲ್ಲ. ಅಮ್ಮನ ಪಾಲಿಗೆ ಅದರಲ್ಲಿ ಏನೂ ಇಲ್ಲ.

ಹೊರಡುವ ದಿನ ಅವರು ಕೋಟು ತೊಟ್ಟು ನಮ್ಮ ಬಾಗಿಲಿಗೆ ಬಂದರು. ಅಮ್ಮ ಓಡಿ ಹೋಗಿ ಅವರನ್ನು ತಬ್ಬಿಕೊಂಡಳು. "ಹೋಗ್ಬನ್ನಿ ನೋರಮ್ಮ," ಎಂದಳು. ನೋರಮ್ಮ ನನ್ನ ಮುಖ ನೋಡಿದರು. ಈ ಸಲ ನಾನು ಬಹಳ ಎಚ್ಚರದಿಂದ, ಹೋಗಿ ಮತ್ತೆ ಬನ್ನಿ ಅಂತಿದಾಳೆ, ಎಂದೆ.

"ನಾನು ಬರೋದಿಲ್ಲ ಅಂತ ಹೇಳು ಅವಳಿಗೆ," ಎಂದರು ನೋರಮ್ಮ. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

"ಏನಂತೇ?" ಅಮ್ಮ ಕಣ್ಣೊರೆಸಿಕೊಳ್ಳುತ್ತಾ ಕೇಳಿದಳು.

"ಬರ್ತಾರಂತೆ," ಎಂದೆ.

ಅಮ್ಮ ಅದನ್ನು ನಂಬಿದಳು. ಕೆಲವು ವರ್ಷಗಳ ನಂತರ ನಾವು ಮನೆ ಬದಲಿಸಿ ಪಿಸ್ಕಾಟವೇ ಎಂಬ ಊರಿಗೆ ಹೊರಟಾಗ, ಹೊಸ ವಿಳಾಸವನ್ನು ನನ್ನಿಂದ ದಪ್ಪಕ್ಷರದಲ್ಲಿ ಬರೆಸಿ ಕಟ್ಟಡ ನೋಡಿಕೊಳ್ಳುವವನ ಕೈಗಿತ್ತು, ಹೊಸದಾಗಿ ಕಲಿತ ಇಂಗ್ಲಿಷಿನಲ್ಲಿ, ನೋರಾ ಬಂದರೆ ಕೊಡಬೇಕು ಎಂದು ಹೇಳಿದಳು. ಅಷ್ಟು ಹೊತ್ತಿಗೆ ಅವಳಿಗೆ ನನ್ನ ಸಹಾಯ ಬೇಕಿರಲಿಲ್ಲ. ಸಂಜೆ ತರಗತಿಗೆ ಹೋಗಿ ಇಂಗ್ಲಿಷ್ ಕಲಿತು, ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಬಸ್ಸಿನಲ್ಲಿ ಎಲ್ಲರೊಡನೆ ತಪ್ಪಿಲ್ಲದೆ ಮಾತಾಡುತ್ತಿದ್ದಳು. ಮಾತಾಡಿ, ಕೆಲಸ ಮುಗಿಸಿ, ಮನೆಗೆ ಬರುತ್ತಿದ್ದಳು. ಇನ್ನೊಬ್ಬರ ಅಡುಗೆಮನೆಯಲ್ಲಿ ಗಂಟೆಗಟ್ಟಲೆ ಕೂತದ್ದನ್ನು ನಾನು ಮತ್ತೆ ನೋಡಲಿಲ್ಲ.

ಈಗ ನಾನಿರುವ ಸಮರ್‌ಸೆಟ್‌ನಲ್ಲಿ ಬೀದಿಗೊಂದು ಕನ್ನಡದ ಮನೆಯಿದೆ. ಬರುವ ಮೊದಲು ಎಲ್ಲರೂ ಫೋನ್ ಮಾಡುತ್ತಾರೆ, ಹೇಳಿದ ಹೊತ್ತಿಗೆ ಬರುತ್ತಾರೆ, ಹೇಳಿದ ಹೊತ್ತಿಗೆ ಏಳುತ್ತಾರೆ. ನನಗೂ ಅದೇ ಅನುಕೂಲ. ಅಮ್ಮನಿಗೆ ಅದು ಅಭ್ಯಾಸವಾಗಲಿಲ್ಲ. ಕೊನೆಯ ಕಾಯಿಲೆಯಲ್ಲಿ ನಮ್ಮ ಮನೆಯಲ್ಲೇ ಇದ್ದಾಗ, ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ, "ಆ ಅಡ್ರೆಸ್ಸು ಅವನು ಕಳೆದಿರ್ತಾನೆ ಕಣೇ. ಇಲ್ದಿದ್ರೆ ನೋರಮ್ಮ ಬಂದೇ ಬರ್ತಿದ್ರು," ಎಂದಳು. ಆಗಲಾದರೂ ಹೇಳಬಹುದಿತ್ತು. ನಾನು, "ಹೂಂ, ಕಳೆದಿರ್ತಾನೆ," ಎಂದು ಅವಳ ಹೊದಿಕೆ ಸರಿಮಾಡಿದೆ.