ಏಳನೇ ಇಯತ್ತೆಯ ದಿನವಹಿ

1964ರ ಜುಲೈ ತಿಂಗಳ ಮೂರನೆಯ ಸೋಮವಾರ ದಾಂಡೇಲಿಯ ನಮ್ಮ ಶಾಲೆಯಲ್ಲಿ ಏಳನೇ ಇಯತ್ತೆಯ ದಿನವಹಿ ಮುಚ್ಚಲು ಬಾರದಷ್ಟು ಬಾಗಿತು. ಮೇಲಿನ ರಟ್ಟು ದೋಣಿಯ ಹಾಗೆ ಎದ್ದಿತ್ತು. ಒಳಗಿನ ಹಾಳೆಗಳು ಅಲೆಅಲೆಯಾಗಿದ್ದವು. ಆ ವಹಿಯನ್ನು ಹೊಲಿದವಳು ನಮ್ಮ ಪಕ್ಕದ ಮನೆಯ ಹುಡುಗಿ. ಅದಕ್ಕೆ ಹಾಳೆ ಮತ್ತು ರಟ್ಟು ಕತ್ತರಿಸಿ ಕೊಟ್ಟವಳು ನಾನು.

ದಿನವಹಿ ಎಂದರೆ ನಮ್ಮ ತರಗತಿಯ ದಿನದ ದಾಖಲೆ. ಎಡಗಡೆಯ ಪುಟದಲ್ಲಿ ಮುಂದೆ ಮಾಡಬೇಕಾದದ್ದು: ಕಸಗುಡಿಸುವ ಸರದಿ ಯಾರದು, ಪರೀಕ್ಷೆ ಯಾವಾಗ, ನೀರಿನ ಕೊಡ ತುಂಬುವವರು ಯಾರು. ಬಲಗಡೆಯಲ್ಲಿ ನಡೆದದ್ದು: ಹಾಜರಿ, ಮಳೆ, ಬಂದುಹೋದವರು, ಯಾರದೋ ಮನೆಯ ರೇಡಿಯೋದಲ್ಲಿ ಕೇಳಿದ ಎರಡು ಸಾಲಿನ ಸುದ್ದಿ. ಬೆಳಗಿನ ಪ್ರಾರ್ಥನೆಯ ನಂತರ ಅದನ್ನು ಗಟ್ಟಿಯಾಗಿ ಓದಬೇಕು. ಅಂಗಡಿಯಲ್ಲಿ ಕೊಂಡ ವಹಿ ನಡೆಯುತ್ತಿರಲಿಲ್ಲ. ಜೂನ್ ತಿಂಗಳಲ್ಲಿ ಇಷ್ಟವಿದ್ದವರು ಮನೆಯಲ್ಲಿ ಹೊಲಿದು ತರಬೇಕು. ಅಕ್ಕೋರು, ಅಂದರೆ ನಮ್ಮ ಶಿಕ್ಷಕಿ, ಒಂದನ್ನು ಆರಿಸುತ್ತಿದ್ದರು. ಯಾರ ವಹಿಯೋ ವರ್ಷಪೂರ್ತಿ ಅವರೇ ಬರೆಯಬೇಕು, ಅವರೇ ಓದಬೇಕು. ಐದನೇ ಇಯತ್ತೆಯಲ್ಲಿ ಅದು ನನ್ನದಾಗಿತ್ತು. ಆರನೆಯದರಲ್ಲೂ ನನ್ನದೇ. ಏಳನೆಯದೂ ನನ್ನದೇ ಆಗುತ್ತದೆ ಎಂದು ನಾನು ಬೇಸಿಗೆಯಲ್ಲೇ ಶಾಯಿಯಲ್ಲಿ ಅದ್ದಿ ಬರೆಯುವ ಹೊಸ ಟಾಕು, ಎರಡು ನಿಬ್ಬು ತೆಗೆದಿಟ್ಟಿದ್ದೆ. ಹಳಿಯಾಳದ ಸಂತೆಯಿಂದ ಅಪ್ಪ ತಂದ ನೀಲಿ ಶಾಯಿಗುಳಿಗೆಗಳು ಒಂದು ಡಬ್ಬಿಯಲ್ಲಿದ್ದವು.

ಅಪ್ಪ ಕಾಗದದ ಮಿಲ್ಲಿನ ಕಟ್ಟರ್ ಖಾತೆಯಲ್ಲಿದ್ದರು. ದೊಡ್ಡ ಸುರುಳಿಗಳನ್ನು ಹಾಳೆಯಾಗಿ ಕತ್ತರಿಸುವ ಕೆಲಸ. ಧಾರವಾಡದ ಹತ್ತಿರದ ಊರಿನಿಂದ ಆ ಕೆಲಸಕ್ಕಾಗಿಯೇ ಬಂದವರು. ಶಾಲೆ ತೆರೆಯುವ ಮುಂಚೆ ಮಿಲ್ಲಿನ ಕ್ವಾರ್ಟರ್ಸಿನ ಮನೆಗಳಿಗೆ ಬದಿಯಲ್ಲಿ ಉಳಿದ ಹಾಳೆಗಳು ಬರುತ್ತಿದ್ದವು. ಮೇ ತಿಂಗಳ ಕೊನೆಯಲ್ಲಿ ನಮ್ಮ ಸಾಲಿನ ಪ್ರತಿ ಮನೆಯಲ್ಲೂ ಮೈದಾಹಿಟ್ಟಿನ ಅಂಟು ಕುದಿಯುತ್ತಿತ್ತು. ಹುಳ ಹತ್ತಬಾರದೆಂದು ಅದಕ್ಕೆ ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು. ವಹಿ ಹೊಲಿಯುವುದು ನಮಗೆ ಹಪ್ಪಳ ಒಣಹಾಕುವಷ್ಟೇ ಸಹಜವಾದ ಮನೆಗೆಲಸ.

ಆದರೆ ಒಂದು ಸಂಗತಿ ಅಪ್ಪ ನನಗೆ ಮಾತ್ರ ಹೇಳಿಕೊಟ್ಟಿದ್ದರು. ಕಟ್ಟಿಗೆಗೆ ಇರುವ ಹಾಗೆ ಕಾಗದಕ್ಕೂ ಎಳೆ ಇರುತ್ತದೆ. ಸಣ್ಣ ತುಂಡಿನ ಒಂದು ಮೈಗೆ ನೀರು ಸವರಿದರೆ ಅದು ಕೊಳವೆಯ ಹಾಗೆ ಸುತ್ತಿಕೊಳ್ಳುತ್ತದೆ. ಕೊಳವೆ ಯಾವ ಕಡೆ ಉದ್ದವೋ ಎಳೆಯೂ ಅದೇ ಕಡೆ.

“ವಹೀ ಬೆನ್ನಿನ ಗುಂಟ ಎಳಿ ನಿಂದರಬೇಕು. ಅಡ್ಡ ಬಿತ್ತಂದ್ರ ಮಳಿಗಾಲದಾಗ ಅದು ನಿನ್ನ ಮಾತು ಕೇಳೂದಿಲ್ಲ” ಎಂದಿದ್ದರು ಅಪ್ಪ.

ಮನೆಗೆ ತಂದ ಪ್ರತಿ ಕಟ್ಟಿನ ಮೇಲೆ, ಪ್ರತಿ ರಟ್ಟಿನ ಮೇಲೆ, ಬಡಗಿಯ ಪೆನ್ಸಿಲಿನಿಂದ ಒತ್ತಿ ಒಂದು ಬಾಣ ಎಳೆಯುತ್ತಿದ್ದರು. ಬಾಣ ಎಳೆಯ ದಿಕ್ಕು ತೋರಿಸುತ್ತಿತ್ತು. ಅದರ ಅರ್ಥ ಮನೆಯಲ್ಲಿ ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು.

ಪಕ್ಕದ ಮನೆಗೆ ಅವಳು ಬಂದದ್ದು 1963ರ ಜೂನ್‌ನಲ್ಲಿ. ಮುಂಡಗೋಡ ಕಡೆಯ ಇಂದೂರಿನವಳು. ಸೋದರಮಾವನ ಮನೆಯಲ್ಲಿದ್ದು ಓದಲು ಬಂದಿದ್ದಳು. ಜೋಯಿಡಾ ಕಡೆಯ ಕಾಡಿನಿಂದ ಬರುವ ಬಿದಿರನ್ನು ಇಳಿಸಿಕೊಳ್ಳುವ ಅಂಗಳದಲ್ಲಿ ಮಾವನ ಕೆಲಸ. ಅವನ ಪಾಲಿನ ಹಾಳೆ ಅವನ ಮೂವರು ಮಕ್ಕಳಿಗೇ ಸಾಲುತ್ತಿರಲಿಲ್ಲ. ಅವಳಿಗೆ ನನ್ನಷ್ಟೇ ವಯಸ್ಸು, ಹನ್ನೊಂದು. ಅಜ್ಜಿಯ ಜೊತೆ ಕೌದಿ ಹೊಲಿದು ಬೆಳೆದವಳು. ಹಳೆಯ ಸೀರೆಗಳನ್ನು ಪದರಪದರವಾಗಿ ಹಾಸಿ, ಒತ್ತೊತ್ತಾಗಿ ಹೊಲಿಗೆ ಹಾಕಿ ಮಾಡುವ ಹೊದಿಕೆಯದು. ಅವಳ ಸೂಜಿ ಬಟ್ಟೆಯೊಳಗೆ ಹೋಗಿ ಬರುವುದು ಕಾಣುತ್ತಿರಲಿಲ್ಲ. ಹೊಲಿಗೆ ಮಾತ್ರ ಕಾಣುತ್ತಿತ್ತು. ಮೊದಲ ವಾರವೇ ನಮ್ಮವ್ವ ಅವಳ ಕೈಯನ್ನು ನನ್ನ ಮುಖದ ಮುಂದೆ ಹಿಡಿದು ಹೇಳಿದಳು:

“ನೋಡವಾ, ಇದಕ್ಕ ಕೈ ಅಂತಾರ. ನಿನಗೂ ಎರಡ ಅದಾವು.”

ಅದನ್ನು ನಾನು ಮರೆತಿಲ್ಲ. ಅವಳು ನಕ್ಕಳು ಎಂಬುದನ್ನೂ ಮರೆತಿಲ್ಲ.

ಮಿಲ್ಲಿನಲ್ಲಿ ಮೂರು ಪಾಳಿ. ವಾರಕ್ಕೊಮ್ಮೆ ಬದಲಾಗುತ್ತಿತ್ತು. ಎರಡು ವರ್ಷದಿಂದ ಅಪ್ಪನ ಪಾಳಿಪಟ್ಟಿ ಮಾಡುವುದು ನನ್ನ ಕೆಲಸವಾಗಿತ್ತು. ತಿಂಗಳ ಕೊನೆಯ ಭಾನುವಾರ ಅಡಿಪಟ್ಟಿ ಇಟ್ಟು ಚೌಕದ ಮನೆಗಳನ್ನು ಎಳೆದು, ರಾತ್ರಿ ಪಾಳಿಗೆ ಕೆಂಪು, ಉಳಿದದ್ದಕ್ಕೆ ನೀಲಿ ಶಾಯಿಯಲ್ಲಿ ಬರೆದು ಬಾಗಿಲ ಪಕ್ಕದ ಮೊಳೆಗೆ ಸಿಗಿಸುತ್ತಿದ್ದೆ. ಅಪ್ಪ ಹೊರಡುವಾಗ ಅದನ್ನು ನೋಡಿಯೇ ಚಪ್ಪಲಿ ಮೆಟ್ಟುತ್ತಿದ್ದರು.

1964ರ ಸಂಕ್ರಾಂತಿಗೆ ಎಳ್ಳುಬೆಲ್ಲ ಕೊಡಲು ಬಂದ ಇಂದೂರಿನವಳು ಅದರ ಜೊತೆಗೆ ಒಂದು ಕಾಗದದ ಚಕ್ರ ತಂದಳು. ದೊಡ್ಡ ಬಿಲ್ಲೆಯ ಮೇಲೆ ಸಣ್ಣ ಬಿಲ್ಲೆ. ಮೇಲಿನದಕ್ಕೆ ಒಂದು ಕಿಟಕಿ ಕೊರೆದಿತ್ತು. ನಡುವೆ ಹಳೆಯ ಅಂಗಿಯ ಗುಂಡಿ ಹಾಕಿ ದಾರದಿಂದ ಬಿಗಿದಿದ್ದಳು. ಸೋಮವಾರ ಒಂದು ಸಲ ತಿರುಗಿಸಿದರೆ ಕಿಟಕಿಯಲ್ಲಿ ಆ ವಾರದ ಪಾಳಿ ಬರುತ್ತಿತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಬುತ್ತಿ ಎಷ್ಟು ಗಂಟೆಗೆ ಕಟ್ಟಬೇಕು, ಸ್ನಾನದ ನೀರು ಯಾವಾಗ ಕಾಯಿಸಬೇಕು ಎಂದೂ ಇತ್ತು.

“ಹಿಂಗ ತಿರುವಿದ್ರ ಮುಗೀತ್ರಿ ಕಾಕಾ. ತಿಂಗಳಾ ತಿಂಗಳಾ ಬರಿಯೂ ತ್ರಾಸ ಇಲ್ಲ” ಎಂದಳು.

ಅಪ್ಪ ಮೂರು ಸಲ ತಿರುಗಿಸಿ ನೋಡಿದರು. “ಶಾಣ್ಯಾ ಅದಿ ಬಿಡವಾ” ಎಂದರು. ನನ್ನ ಪಟ್ಟಿಯನ್ನು ಮೊಳೆಯಿಂದ ತೆಗೆದು ಮಡಚಿ ನನ್ನ ಕೈಗೆ ಕೊಟ್ಟು ಚಕ್ರವನ್ನು ಸಿಗಿಸಿದರು. ತಿಂಗಳಲ್ಲಿ ಇನ್ನೂ ಹದಿನೇಳು ದಿನ ಉಳಿದಿದ್ದವು.

ಆ ಪಟ್ಟಿಯ ಹಿಂಬದಿ ಖಾಲಿ ಇತ್ತು. ನಾನು ಅದರಲ್ಲಿ ಚಕ್ರದ ತಪ್ಪುಗಳನ್ನು ಬರೆಯಲು ಕೂತೆ. ಒಂದು ತಿಂಗಳು ಹುಡುಕಿದೆ. ಪಟ್ಟಿಯಲ್ಲಿ ಬರೆಯಲು ಏನೂ ಸಿಗಲಿಲ್ಲ. ಯಾರೂ ಇಲ್ಲದಾಗ ಎರಡು ಸಲ ಚಕ್ರವನ್ನು ಬೇರೆ ಪಾಳಿಗೆ ತಿರುಗಿಸಿದೆ. ಎರಡು ಸಲವೂ ನಾನೇ ಮತ್ತೆ ಸರಿಮಾಡಿದೆ. ಅಪ್ಪನ ಕೆಲಸಕ್ಕೆ ತೊಂದರೆಯಾಗುವುದು ನನಗೆ ಬೇಕಿರಲಿಲ್ಲ.

ಮೇ ತಿಂಗಳ ಕೊನೆಯಲ್ಲಿ ಅವಳು ನಮ್ಮ ಹಿತ್ತಲಿಗೆ ಬಂದು ಕೇಳಿದಳು.

“ನಾನೂ ದಿನವಹಿ ಹೊಲೀಬೇಕಂತೀನಿ. ನಿಮ್ಮನ್ಯಾಗ ಹಾಳಿ ಹೆಚ್ಚಾಗ್ಯಾವೇನು?”

“ನಿಂದ ವಹಿ ಅಲ್ಲ, ಕೌದಿ ಆಕ್ಕೈತಿ. ಅಕ್ಕೋರ ಹೊಚ್ಚಗೊಂಡ ಮಲಗಬೇಕು” ಎಂದೆ.

“ಮಲಗಲಿ ಬಿಡ. ಅವರು ಮಲಗಿದ್ರ ನಮಗೂ ಛಲೋ, ಲೆಕ್ಕ ತಪ್ಪತಾವು” ಎಂದಳು.

ಅವಳಿಗೆ ಸಿಟ್ಟೇ ಬರುತ್ತಿರಲಿಲ್ಲ. ಅದೂ ನನಗೆ ಸೇರುತ್ತಿರಲಿಲ್ಲ. ಮನೆಯಲ್ಲಿ ಹೆಚ್ಚಿನ ಹಾಳೆಗಳು ನಿಜವಾಗಿ ಇದ್ದವು. ಅವ್ವ ಒಳಗಿನಿಂದಲೇ “ಕೊಡವಾ, ಕತ್ತರಿಸೇ ಕೊಡು” ಎಂದಳು. ನಾನು ಒಳಗೆ ಹೋಗಿ ಒಂದು ಕಟ್ಟು, ಎರಡು ರಟ್ಟು ತೆಗೆದುಕೊಂಡೆ. ಬಾಣ ನೋಡಿದೆ. ಮಡಿಕೆ ಬಾಣಕ್ಕೆ ಅಡ್ಡ ಬೀಳುವಂತೆ ಅಳತೆ ಹಾಕಿ ಕತ್ತರಿಸಿದೆ. ರಬ್ಬರಿನಿಂದ ಬಾಣಗಳನ್ನು ಅಳಿಸಿದೆ. ತಂದು ಕೊಟ್ಟೆ. ಅವಳು ಅಂಚುಗಳನ್ನು ಸಮಮಾಡಿ “ಎಷ್ಟ ನೀಟ ಕತ್ತರಿಸೀದಿ!” ಎಂದಳು.

ಜೂನ್ ಎರಡನೆಯ ವಾರ ಆರು ವಹಿಗಳು ಅಕ್ಕೋರ ಮೇಜಿನ ಮೇಲೆ ಬಂದವು. ಅವರ ಪರೀಕ್ಷೆ ಒಂದೇ: ನಡುವೆ ತೆರೆದು ಕೈಬಿಡಬೇಕು, ವಹಿ ತಾನಾಗಿ ಮುಚ್ಚಬಾರದು. ಅಡ್ಡ ಎಳೆಯ ವಹಿ ಸೆಟೆದು ಮುಚ್ಚಿಕೊಳ್ಳುತ್ತದೆ ಎಂದು ನಾನು ಎಣಿಸಿದ್ದೆ. ನನ್ನ ವಹಿ ಮೈಚಾಚಿ ಮಲಗಿತು. ಅವಳದೂ ಮಲಗಿತು. ಬೆನ್ನಿಗೆ ಅವಳು ಕೌದಿಯ ಹೊಲಿಗೆಯನ್ನೇ ಹಾಕಿದ್ದಳು, ಐದು ಸಾಲು, ಕೆಂಪು ದಾರ. ಆ ಹೊಲಿಗೆ ಹಾಳೆಗಳನ್ನು ಒಪ್ಪಿಸಿತ್ತು. ಹೊದಿಕೆಗೆ ಹಳೆಯ ಇಳಕಲ್ ಸೀರೆಯ ದಡಿ. ನನ್ನದಕ್ಕೆ ಕಂದು ಕಾಗದ. ಅಕ್ಕೋರು ಎರಡನ್ನೂ ಒಂದೊಂದು ಕೈಯಲ್ಲಿ ಹಿಡಿದರು, ನನ್ನದನ್ನು ಕೆಳಗಿಟ್ಟರು.

“ಈ ವರ್ಷ ನೀ ಬರಿಯವಾ” ಎಂದು ಅವಳಿಗೆ ಹೇಳಿದರು. ನನ್ನ ಕಡೆ ತಿರುಗಿ, “ನೀ ಎರಡ ವರ್ಷ ಬರದಿ. ಸಾಕಲ್ಲ?” ಎಂದರು.

“ಸಾಕ್ರಿ ಅಕ್ಕೋರ” ಎಂದೆ.

ಐದು ವಾರ ಅವಳು ಬರೆದಳು, ಓದಿದಳು. ಚೆನ್ನಾಗಿ ಓದುತ್ತಿರಲಿಲ್ಲ. ಬರೆಯುವುದರಲ್ಲೂ ನನ್ನ ಲೆಕ್ಕದಲ್ಲಿ ದಿನಕ್ಕೆ ಎರಡು ತಪ್ಪು. ಆದರೆ ಮಳೆ ಬಂತು ಎಂದಷ್ಟೇ ಬರೆಯದೆ, ‘ಮಳೆಗೆ ಕಾಳಿ ನದಿಯ ಬಣ್ಣ ಚಹಾದಂತಾಗಿದೆ’ ಎಂದು ಬರೆಯುತ್ತಿದ್ದಳು. ಹುಡುಗಿಯರು ಕಾದು ಕೇಳುತ್ತಿದ್ದರು. ನಾನು ಬರೆದಾಗ ಯಾರೂ ಕಾದದ್ದಿಲ್ಲ.

ಜುಲೈಯಲ್ಲಿ ಬಟ್ಟೆ ಒಣಗದ ಮಳೆ ಹಿಡಿಯಿತು. ಗೋಡೆಗೆ ಬೆನ್ನು ತಾಗಿದರೆ ಅಂಗಿ ಒದ್ದೆಯಾಗುತ್ತಿತ್ತು. ಮೂರನೆಯ ಸೋಮವಾರ ಅವಳು ಕಪಾಟಿನಿಂದ ವಹಿ ತೆಗೆದಾಗ ಹಿಂದಿನ ಬೆಂಚಿನಿಂದ ಯಾರೋ “ಅಕ್ಕೋರ, ಕೌದಿ ಎದ್ದ ಕುಂತೈತ್ರಿ” ಎಂದರು. ತರಗತಿ ನಕ್ಕಿತು. ಎರಡು ಕೈಯಲ್ಲಿ ಒತ್ತಿದರೂ ವಹಿ ಮಣಿಯಲಿಲ್ಲ. ಅಕ್ಕೋರು ನನ್ನ ಕಂದು ಕಾಗದದ ವಹಿಯನ್ನು ತರಿಸಿದರು. ಅದು ಕಟ್ಟಿದ ದಿನದ ಹಾಗೇ ನೆಟ್ಟಗಿತ್ತು. ದಿನವಹಿ ನನಗೆ ಬಂತು. ಮೊದಲ ಪುಟದಲ್ಲಿ ನಾನು ಬರೆದ ಸಾಲು ಇದು: ‘ಹಳೆಯ ದಿನವಹಿ ಕೆಟ್ಟದ್ದರಿಂದ ಇಂದಿನಿಂದ ಹೊಸದು. ಕಾರಣ: ಮಳೆ.’ ಮರುದಿನ ಅದನ್ನು ಗಟ್ಟಿಯಾಗಿ ಓದಿದೆ.

ಅದೇ ಸೋಮವಾರ ಸಂಜೆ ಅವಳು ಬಾಗಿದ ವಹಿಯನ್ನು ಅಪ್ಪನ ಹತ್ತಿರ ತಂದಳು.

“ಕಾಕಾ, ನಾ ಅಂಟ ಹೆಚ್ಚ ಹಚ್ಚೇನೇನ್ರಿ?”

ಅಪ್ಪ ಬೆನ್ನಿನ ಮೇಲೆ ಹೆಬ್ಬೆರಳು ಎಳೆದರು. ಒಂದು ಹಾಳೆಯ ಮೂಲೆ ಹರಿದು ನೋಡಿದರು. ಒಳಗೆ ಅಂಟಿಸಿದ ಕಾಗದವನ್ನು ಉಗುರಿನಿಂದ ಬಿಡಿಸಿ ರಟ್ಟನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು. ಪೆನ್ಸಿಲಿನ ಕಪ್ಪು ಹೋಗಿತ್ತು, ಒತ್ತಿದ ಗೀರು ಹೋಗಿರಲಿಲ್ಲ. ಬಾಣ ಬೆನ್ನಿಗೆ ಅಡ್ಡವಾಗಿತ್ತು. ಅಪ್ಪ ನನ್ನ ಕಡೆ ನೋಡಲಿಲ್ಲ.

“ನಿನ್ನ ಅಂಟಿಂದ ಅಲ್ಲ ತಂಗಿ. ಎಳಿ ಅಡ್ಡ ಬಿದ್ದೈತಿ. ನಮ್ಮ ಮನಿಯಿಂದ ಕೊಟ್ಟ ಹಾಳಿ, ನಾ ನೋಡಿ ಕೊಡಬೇಕಾಗಿತ್ತು. ತಪ್ಪ ನಂದು” ಎಂದರು.

“ಎಳಿ ಅಂದ್ರ ಏನ್ರಿ?”

ಅವ್ವನಿಂದ ಒಂದು ಬಟ್ಟಲು ನೀರು ತರಿಸಿಕೊಂಡು, ಹರಿದ ಮೂಲೆಯ ಒಂದು ಮೈಗೆ ನೀರು ಸವರಿ ಅಂಗೈ ಮೇಲಿಟ್ಟು ಅವಳಿಗೆ ತೋರಿಸಿದರು. ಅದು ಕೊಳವೆಯಾಗಿ ಸುತ್ತಿಕೊಂಡಾಗ ಅವಳು “ಅಯ್ಯ, ಜೀವ ಐತಿ ಇದಕ್ಕ!” ಎಂದಳು. ನನಗೆ ತೋರಿಸಿದಾಗ ನಾನು ಆಡಿದ್ದೂ ಅದೇ ಮಾತು. ಅರ್ಧ ಗಂಟೆ ಕೂತು, ಬಾಣ ಎಳೆಯುವುದನ್ನೂ ಅಪ್ಪ ಅವಳಿಗೆ ಕಲಿಸಿದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಮೊಳೆಯಲ್ಲಿದ್ದ ಚಕ್ರ ಮಧ್ಯಾಹ್ನದ ಪಾಳಿ ತೋರಿಸುತ್ತಿತ್ತು. ಆ ದಿನ ಅಪ್ಪ ರಜೆ ಹಾಕಿದ್ದರು.

ಅವಳಾಗಲಿ ಅಪ್ಪನಾಗಲಿ ಆ ವಿಷಯವನ್ನು ಮತ್ತೆ ಎತ್ತಲಿಲ್ಲ. ಏಳನೇ ಇಯತ್ತೆಯ ಕೊನೆಯವರೆಗೆ ದಿನವಹಿ ಬರೆದವಳು ನಾನು. 1965ರಲ್ಲಿ ಪರೀಕ್ಷೆ ಮುಗಿದ ಮೇಲೆ ಅವಳು ಹಳಿಯಾಳದ ಬಸ್ಸು ಹಿಡಿದು ಇಂದೂರಿಗೆ ಹೋದಳು. ಮರಳಿ ಬರಲಿಲ್ಲ. ನಾನು ಓದು ಮುಗಿಸಿ ಒಂದು ಪತ್ರಿಕೆಯಲ್ಲಿ ಸೇರಿದೆ. ಬೇರೆಯವರು ಬರೆದ ಸುದ್ದಿಯಲ್ಲಿ ಕಾರಣ ಎಂಬ ಪದ ಬಂದಾಗಲೆಲ್ಲ, ಯಾರು ಹೇಳಿದ್ದು ಎಂದು ಕೇಳುವುದು ಅಲ್ಲಿ ನನ್ನ ಕೆಲಸವಾಗಿತ್ತು.

1969ರ ಏಪ್ರಿಲ್‌ನಲ್ಲಿ, ನಾನಿನ್ನೂ ಕಾಲೇಜಿನಲ್ಲಿದ್ದಾಗ, ಅವಳ ಲಗ್ನಪತ್ರಿಕೆ ಬಂತು. ಲಕೋಟೆಯನ್ನು ಅವಳೇ ಮಾಡಿದ್ದಳು. ಮೇಲೆ ಅಪ್ಪನ ಹೆಸರಿತ್ತು, ನನ್ನದಿರಲಿಲ್ಲ. ಒಳಗೆ ಒಂದು ಚೀಟಿ: ‘ಕಾಕಾ, ಇಲ್ಲಿ ಸಿಕ್ಕ ಕಾಗದಕ್ಕೆ ನೀರು ಹಚ್ಚಿ ನೋಡಿ ಮಡಚಿದ್ದೇನೆ. ಸರಿ ಇದೆಯೋ ಇಲ್ಲವೋ ಹೇಳಿರಿ.’ ಅಪ್ಪ ಮಡಿಕೆಯ ಮೇಲೆ ಹೆಬ್ಬೆರಳು ಎಳೆದರು. “ಸರಿ ಐತಿ” ಎಂದರು. ಲಕೋಟೆಯನ್ನು ನನ್ನ ಮುಂದಿಟ್ಟು, “ಉತ್ತರ ನೀನ ಬರಿ” ಎಂದರು.

ನಾನು ಬರೆದ ಉತ್ತರದಲ್ಲಿ ಮೂರು ಸಂಗತಿಗಳಿದ್ದವು. ಅಪ್ಪ ಅವ್ವ ಲಗ್ನಕ್ಕೆ ಬರುತ್ತಾರೆ. ಲಕೋಟೆಯ ಎಳೆ ಸರಿ ಇದೆ. 1964ರ ಜುಲೈಯಲ್ಲಿ ದಿನವಹಿ ಕೆಟ್ಟದ್ದಕ್ಕೆ ಕಾರಣ ಮಳೆ ಎಂದು ನಾನು ಬರೆದು ಓದಿದ್ದು ಸುಳ್ಳು. ಹಾಳೆ ಅಡ್ಡ ಕತ್ತರಿಸಿ ಬಾಣ ಅಳಿಸಿದ್ದು ನಾನು.

ಅಪ್ಪ ಅವ್ವ ಇಂದೂರಿಗೆ ಹೋಗಿ ಅಕ್ಷತೆ ಹಾಕಿ ಬಂದರು. ನಾನು ಪರೀಕ್ಷೆ ಇದೆಯೆಂದು ಹೋಗಲಿಲ್ಲ. ಹೊರಡುವಾಗ ಅವಳು ಅಪ್ಪನಿಗೆ ಹೊಸ ಪಾಳಿಚಕ್ರ ಕೊಟ್ಟಿದ್ದಳು, ರಟ್ಟಿನದು. ಹಳೆಯದರ ಜಾಗದಲ್ಲಿ ಅದನ್ನು ಸಿಗಿಸಲಾಯಿತು. ನನ್ನ ಕಾಗದಕ್ಕೆ ಉತ್ತರ ಬಂದಿಲ್ಲ.