ತೊಳೆದ ಬದನೆಕಾಯಿ

ಗೋಕಾಕದ ಬಸ್ಸು ಇನ್ನೂ ಬಂದಿಲ್ಲ. ಮೇಲವಂಕಿಯ ರಸ್ತೆ ಬದಿ ಬದನೆಕಾಯಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ. ಚೀಲ ಗೆಳತಿ ಶೈಲಜಾಳದು. ಕಾಯಿಪಲ್ಲೆಗೆ ಸಿಂಪಡಿಸಿದ ಔಷಧ ಅದರಲ್ಲಿ ಎಷ್ಟು ಉಳಿದಿದೆ ಎಂದು ಪರೀಕ್ಷಿಸುವ ಸಂಶೋಧಕಿ ಅವಳು.

ಬೆಳಿಗ್ಗೆ ಲಗಮವ್ವನ ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಗಿಡ ಆರಿಸಿ ಶೈಲಜಾ ಬುಟ್ಟಿ ತುಂಬ ಬದನೆಕಾಯಿ ಕಿತ್ತಳು. ಚೀಟಿ ಬರೆದು ತಲೆ ಎತ್ತುವಷ್ಟರಲ್ಲಿ ಬುಟ್ಟಿ ಮಾಯ. ಲಗಮವ್ವ ಅದನ್ನು ಬೋರಿನ ನೀರಿಗೆ ಒಯ್ದು, ಒಂದೊಂದೇ ಕಾಯಿಯನ್ನು ತಿಕ್ಕಿ ತೊಳೆದು, ಸೆರಗಿನಿಂದ ಒರೆಸುತ್ತಿದ್ದಳು.

“ತೊಳದ್ರ ನಾ ಏನ್ ಪರೀಕ್ಷಾ ಮಾಡ್ಲಿ ಅಕ್ಕಾರ? ಮ್ಯಾಲಿನ ಔಷಧೆಲ್ಲಾ ಹೋತಲ್ರಿ,” ಎಂದಳು ಶೈಲಜಾ.

“ಮನಿಗೆ ಬಂದವ್ರಿಗೆ ಧೂಳ ಹತ್ತಿದ ಕಾಯಿ ಹೆಂಗ ಕೊಡೂದ್ರಿ ಬಾಯಾರ?”

ಶೈಲಜಾ ನಗುತ್ತ ಮತ್ತೆ ಹೊಲಕ್ಕಿಳಿದಳು. ಈ ಸಲ ಬುಟ್ಟಿ ಕಾಯುವ ಕೆಲಸ ನನಗೆ ಬಿತ್ತು.

ತೊಳೆದ ಕಾಯಿಗಳು ಮಧ್ಯಾಹ್ನ ಎಣ್ಣೆಗಾಯಿಯಾಗಿ ರೊಟ್ಟಿಯ ಜೊತೆ ಬಂದವು. ಮಾರುವುದಕ್ಕೊಂದು ಸಾಲು, ಮನೆಗೆ ಔಷಧ ಹೊಡೆಯದ ಇನ್ನೊಂದು ಸಾಲು ಇಟ್ಟವರನ್ನು ಶೈಲಜಾ ಬಹಳ ಕಂಡಿದ್ದಾಳೆ. ರೊಟ್ಟಿ ಮುರಿಯುತ್ತ ಕೇಳಿಯೇಬಿಟ್ಟಳು.

“ದಿನಾ ನೀವು ಉಣ್ಣೂದು ಯಾವ ಸಾಲಿಂದ್ರಿ?”

“ಖರೆ ಹೇಳ್ಲೇನ್ರಿ? ಯಾವ್ದು ಕೈಗೆ ಹತ್ತತೈತಿ ಅದ. ಪ್ಯಾಟಿ ಮಂದಿಗೂ ನಮ್ಮಂಗ ಹೊಟ್ಟಿ ಐತೆಲ್ರಿ,” ಎಂದ ಲಗಮವ್ವ ತನ್ನ ತಾಟಿಗೂ ಎರಡು ಹಾಕಿಕೊಂಡಳು.

ಪರೀಕ್ಷೆಯ ಫಲಿತಾಂಶಕ್ಕೆ ಇನ್ನೂ ವಾರ ಬೇಕು. ಊಟಕ್ಕೆ ಕೂತ ಶೈಲಜಾ ಮಾತ್ರ ಆಗಲೇ ಮೂರನೆಯ ಕಾಯಿಗೆ ಕೈ ಹಾಕಿದ್ದಳು.